ಬಾಕಿ ಇಲ್ಲ

ನಾನು ಖಜಾಂಚಿ. ಹೊಗಳಲು ಬರುವುದಿಲ್ಲ,
ಕೂಡಲು ಕಳೆಯಲು ಬರುತ್ತದೆ.
ಇದು ವಾಲ್ಪರೈಸೊ ಬಂದರಿನ ಮೇಲಣ ಗುಡ್ಡ,
ಇದು ನಮ್ಮ ಅಗ್ನಿದಳದ ಚಂದಾ ಪುಸ್ತಕ.
ಇಲ್ಲಿ ಬೆಂಕಿ ಆರಿಸುವವನಿಗೆ ಸಂಬಳವಿಲ್ಲ.
ಅವನೇ ತಿಂಗಳಿಗಿಷ್ಟು ಅಂತ ಕಟ್ಟುತ್ತಾನೆ,
ಕಟ್ಟಿ, ಸರದಿ ಕಾಯ್ದು, ಉರಿಯೊಳಗೆ ಹೋಗುತ್ತಾನೆ.
ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ.
ನನಗೂ ಪೂರ್ತಿ ಆಗಿಲ್ಲ, ಲೆಕ್ಕ ಮಾತ್ರ ಸರಿಯಿದೆ.

ದಾಮಸೊ ಬಾಮೊಂದೆ. ಕಸುಬು: ಬೀಗ ರಿಪೇರಿ.
ಸೇರಿದಾಗ ಹದಿನೆಂಟು. ಸಹಿಯಲ್ಲಿ ಮಸಿ ಕದಡಿದೆ,
ಕೈ ಒದ್ದೆಯಿತ್ತೋ ಏನೋ.
ಹಗಲು ಜನರ ಬಾಗಿಲಿಗೆ ಕಿವಿಗೊಟ್ಟು, ತಂತಿಯ ತುದಿಯಲ್ಲಿ
ಮಗುವನ್ನೆಬ್ಬಿಸುವ ಹಾಗೆ ತೆರೆಯುತ್ತಿದ್ದವನು
ರಾತ್ರಿ ಸೈರನ್ ಕೂಗಿದರೆ
ಅದೇ ಬಾಗಿಲನ್ನು ಕೊಡಲಿಯಲ್ಲಿ ಒಡೆಯುತ್ತಿದ್ದ.
ಮರುದಿನ ಚೀಲ ಹಿಡಿದು ಹೋಗಿ
ಹೊಸ ಬೀಗ ಹಾಕಿಕೊಟ್ಟು ಬರುತ್ತಿದ್ದ.
ದುಡ್ಡು ಕೇಳಿದನೇ ಎಂದು ವಿಚಾರಿಸಿದ್ದೇನೆ.
ಕೇಳಿದ್ದ. ಬೀಗದ ಅಸಲು ಮಾತ್ರ.

ಈ ಗುಡ್ಡ ಹತ್ತಿದವರಿಗೆ ಗೊತ್ತು:
ಮರದ ಮನೆಗಳು, ಮೈತುಂಬ ತಗಡು ಹೊದ್ದವು,
ಒಂದರ ಹೆಗಲ ಮೇಲೆ ಇನ್ನೊಂದರ ಕಾಲು.
ಬೇಸಿಗೆಯಲ್ಲಿ, ನಮ್ಮ ಬೇಸಿಗೆ ಜನವರಿ,
ತೆಂಕಣ ಗಾಳಿ ಎದ್ದರೆ
ಕೊರಕಲಿನ ಕಸಕ್ಕೆ ಬಿದ್ದ ಒಂದು ಕಿಡಿ
ನೀಲಗಿರಿ ಮರ ಹಿಡಿದು ಮೇಲೇರಿ ಬರುತ್ತದೆ
ಮೆಟ್ಟಿಲಿನ ಹಂಗಿಲ್ಲದೆ.
ನಮಗೆ ಮೆಟ್ಟಿಲುಂಟು. ಇನ್ನೂರ ಹನ್ನೊಂದು.
ಲಾರಿ ಕೆಳಗೇ ನಿಲ್ಲುತ್ತದೆ, ಪೈಪು ಹೆಗಲಿಗೆ ಬರುತ್ತದೆ.
ಮೇಲೆ ನಲ್ಲಿ ತಿರುಗಿಸಿದರೆ ಒಂದೊಂದು ಸಲ
ಕೆಮ್ಮು ಬರುತ್ತದೆ, ನೀರು ಬರುವುದಿಲ್ಲ.
ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರೆಂದು
ನೀವು ನಗಬಹುದು. ತೋಡಿದ್ದೇವೆ.
ಮಣ್ಣು ತೋಡಿ ತೋಡಿ ಉರಿಗೆ ಎರಚಿದ್ದೇವೆ,
ದಾಮಸೊ ಮುಂದೆ,
ಅವನ ಬೂಟಿನ ಹಿಮ್ಮಡಿ ನೋಡುತ್ತ ನಾನು ಹಿಂದೆ.

ಒಮ್ಮೆ ಓರ್ತೆನ್ಸಿಯಾ ಮುದುಕಿ ಕೂಗಿದಳು:
ಒಳಗೆ ಪೆಟ್ಟಿಗೆ! ನೀಲಿ ಪೆಟ್ಟಿಗೆ!
ಹೋದ. ಹುಬ್ಬು ಸುಟ್ಟುಕೊಂಡು ಹೊರಬಂದ,
ಎದೆಗೆ ಅವಚಿದ ನೀಲಿ ಪೆಟ್ಟಿಗೆ. ತೆರೆದರೆ ಗುಂಡಿ.
ಬರೀ ಅಂಗಿಯ ಗುಂಡಿ. ಅವಳು ಹೇಳಿದ್ದು ಇನ್ನೊಂದು ನೀಲಿ.
ಅದರಲ್ಲಿ ಏನಿತ್ತೆಂದು ಅವಳು ಹೇಳಲಿಲ್ಲ,
ಇವನು ಕೇಳಲಿಲ್ಲ.
ಅಂದಿನಿಂದ ಅವನ ಸಮವಸ್ತ್ರದಲ್ಲಿ ಉದುರಿದ್ದನ್ನೆಲ್ಲ
ಅವಳೇ ಹೊಲಿದಳು, ಒಂದಕ್ಕೊಂದು ಹೋಲದ ಗುಂಡಿಗಳು.
ಪೆರೇಡಿನ ದಿನ ಕ್ಯಾಪ್ಟನ್ ಗದರುತ್ತಿದ್ದ.

ಖರ್ಚಿನ ಪುಟವೂ ಇದೆ.
ಅವನ ಹೆಂಡತಿ ಎದುವಿಹಿಸ್
ಸಾರಿನ ಬಟ್ಟಲಿಗೆ ತಟ್ಟೆ ಮುಚ್ಚಿಟ್ಟಳು ನಲವತ್ತೇಳು ವರ್ಷ.
ಅದನ್ನು ಯಾವ ಬಾಬತ್ತಿಗೆ ಹಾಕಲಿ?
ತೊಂಬತ್ತಾರರ ಆಗಸ್ಟ್.
ಆ ಮಗುವಿನ ಹೆಸರು ಬರೆಯುವುದಿಲ್ಲ.
ಮೂರು ವಾರ ಅಂಗಡಿ ಮುಚ್ಚಿತ್ತು,
ಹಾಜರಿ ಒಂದೂ ತಪ್ಪಿಲ್ಲ.

ಮಂಡಿ ಸೋತ ಮೇಲೆ ಠಾಣೆಯಲ್ಲೇ ಕೂತ.
ಪೈಪು ಒಣಗಿಸಿದ, ಲೋಟ ತೊಳೆದ, ಫೋನು ಎತ್ತಿದ.
ಸೈರನ್ ಆದರೆ ಎದ್ದು ನಿಂತು, ಆಮೇಲೆ
ತನ್ನ ಕಾಲನ್ನೇ ನೋಡಿ ಕೂರುತ್ತಿದ್ದ.
ಬೂಟನ್ನು ಯಾಸ್ನಾಗೆ ಕೊಟ್ಟ, ಹೊಸ ಹುಡುಗಿ;
ತುದಿಗೆ ನ್ಯೂಸ್‌ಪೇಪರ್ ತುರುಕಿಕೊಂಡು ಓಡುತ್ತಾಳೆ.

ಮಾರ್ಚಿಯಲ್ಲಿ ಹೋದ. ವಾಡಿಕೆಯಂತೆ ರಾತ್ರಿ, ಪಂಜು ಹಿಡಿದು
ಗುಡ್ಡ ಇಳಿದೆವು. ಬೆಂಕಿಯೇ ದಾರಿ ತೋರಿಸಿತು, ಸೌಮ್ಯವಾಗಿ.
ಅವನ ಹೆಸರು ಕೂಗಿದರು.
ಎಲ್ಲರೂ ಒಟ್ಟಿಗೆ: ಹಾಜರ್!
ನನ್ನ ಗಂಟಲಲ್ಲಿ ಮಾತ್ರ ಅದು ಸಿಕ್ಕಿಕೊಂಡಿತು.
ಇಲ್ಲದವನನ್ನು ಇದ್ದಾನೆನ್ನುವುದು ಹೇಗೆ, ಲೆಕ್ಕದವನು ನಾನು?

ಮನೆಗೆ ಬಂದು ಪುಸ್ತಕ ತೆಗೆದೆ.
ಡಿಸೆಂಬರಿನವರೆಗೆ ಕಟ್ಟಿದ್ದಾನೆ.
ಮುಂಗಡ, ಚಿಲ್ಲರೆಯಲ್ಲಿ, ನನ್ನದೇ ರಶೀದಿ.
ಅಲ್ಲಿಯವರೆಗೆ ಅವನು ಸದಸ್ಯ, ತಿದ್ದಲು ನನಗೆ ಅಧಿಕಾರವಿಲ್ಲ.
ಷರಾ ಬರೆಯುವ ಜಾಗದಲ್ಲಿ
ಬಾಕಿ ಇಲ್ಲ ಎಂದು ಬರೆದು, ತುಸು ತಡೆದು,
ಅವನಿಂದ, ಎಂದು ಸೇರಿಸಿದೆ.