ಹದಿನೈದು ಇಂಚು

ಅಷ್ಫಾಕನ ಗುಜರಿ ತಕ್ಕಡಿಯ ಮೇಲೆ
ಮೊದಲು ಹದಿನೇಳು ಇಂಚಿನದನ್ನು ಮಲಗಿಸಿದೆ.
ಐದು ಕಡ್ಡಿ, ಕನ್ನಡಿಯಂಥ ಅಂಚು,
ಅದರೊಳಗೆ ಉದ್ಯಮಬಾಗದ ಆಕಾಶ
ಫೌಂಡ್ರಿಯ ಹೊಗೆಯ ಸಮೇತ ದುಂಡಗೆ ಕೂತಿತ್ತು.
ಹತ್ತು ಕಿಲೋ ಇನ್ನೂರು.
'ಟಯರ್ ಇಲ್ಲದನ ಇಷ್ಟ ಐತಿ,' ಅಂದ ಅಷ್ಫಾಕ,
ಹಳೇ ಕಬ್ಬಿಣ ತೂಗುವಾಗಿನ ಮುಖ ಮಾಡಿ.

ಆಮೇಲೆ ಹದಿನೈದರದು.
ಬೂದು ಬಣ್ಣ, ಅಂಚಿಗೊಂದು ಗಾಯ,
ಕೊಲ್ಲಾಪುರದವನೊಬ್ಬ ಬೇಸರ ಬಂದು ಮಾರಿದ್ದು.
ಆರು ಕಿಲೋ ಎಂಟುನೂರು.
ನಾಲ್ಕೂ ಚಕ್ರ ಸೇರಿ ಹದಿಮೂರು ಕಿಲೋ ಆರುನೂರರ ಅಂತರ.
ಬೆನ್ನ ಮೇಲಿನ ಭಾರ ಬೇರೆ, ಕಾಲಿಗೆ ಕಟ್ಟಿದ ಭಾರ ಬೇರೆ:
ಹನ್ನೆರಡು ತಾಸು ಲೇಥಿನ ಮುಂದೆ ನಿಲ್ಲುವವಳಿಗೆ
ಇದನ್ನು ಯಾರೂ ಹೇಳಬೇಕಾಗಿಲ್ಲ.
ತಿರುಗುವ ತೂಕವನ್ನು ದಿನಾ ಚಕ್ಕಿನಲ್ಲಿ ಕಾಣುತ್ತೇನೆ,
ಏಳಲಿಕ್ಕೂ ಸೋಮಾರಿ, ನಿಲ್ಲಲಿಕ್ಕೂ ಸೋಮಾರಿ.

ಹಾಗಾದರೆ ಹದಿಮೂರೇ ಯಾಕೆ ಬೇಡ?
ಬ್ರೇಕು ಬಿಡಲಿಲ್ಲ.
ಹೋದ ದೀಪಾವಳಿಗೆ ಸೀರೆ ಬಿಟ್ಟು ಕೊಂಡ ದೊಡ್ಡ ಡಿಸ್ಕು
ಹದಿಮೂರನ್ನು ಹೊಸ್ತಿಲಲ್ಲೇ ತಡೆಯಿತು.
ಹದಿನಾಲ್ಕು ಹೊಕ್ಕಿತು, ಕರ್ ಅಂದಿತು.
ಹದಿನೈದಕ್ಕೆ, ಪಕ್ಕದ ಫೌಂಡ್ರಿಯಿಂದ
ಅಚ್ಚಿನ ಮಣ್ಣು ಒಂದು ಹಿಡಿ ತಂದು
ಕ್ಯಾಲಿಪರಿನ ಬೆನ್ನಿಗೆ ಮೆತ್ತಿ,
ಚಕ್ರ ಬಿಗಿದು, ಕೈಯಿಂದ ಒಂದೇ ಸುತ್ತು.
ಬಿಚ್ಚಿದಾಗ ಉಳಿದ ಮಣ್ಣು ನಾಲ್ಕು ಮಿಲಿಮೀಟರ್.
ವರ್ನಿಯರ್ ಹಿಡಿದು ಎರಡು ಸಲ ನೋಡಿದೆ.
ನಾಲ್ಕು ಮಿಲಿಮೀಟರಿನಲ್ಲಿ ನನ್ನ ಜೀವ
ಕಾಲು ಚಾಚಿ ಕೂಡಬಲ್ಲದು.

ಅಣ್ಣನ ಮಗ ಸನ್ಮತಿಗೆ ಮಾತ್ರ ಸಮಾಧಾನವಿಲ್ಲ.
'ಅತ್ತೀ, ಫೋಟೋದಾಗ ಗಾಡಿ ಹೆಂಗ ಕಾಣ್ತದ ಗೊತ್ತೇನು?
ಅಪ್ಪನ ಅಂಗಿ ಹಾಕ್ಕೊಂಡ ಸಣ್ಣ ಹುಡುಗನಂಗ.'
ಖರೆ. ಕಮಾನಿನ ಕೆಳಗೆ ಮೂರು ಬೆರಳು ಬರೀ ಗಾಳಿ.
ಹದಿನೇಳು ಹಾಕಿದರೆ ಕಾಲೇಜು ರಸ್ತೆಯಲ್ಲಿ
ತಲೆಗಳು ಹೊರಳುತ್ತವೆ.
ದೇಸೂರಿನಾಚೆಯ ಮೈದಾನಕ್ಕೆ ತಲೆಯಿಲ್ಲ.
ಹಲ್ಲಿದೆ. ಡಾಂಬರು ಹರಿದಲ್ಲೆಲ್ಲ
ಕೆಂಪು ಜಂಬಿಟ್ಟಿಗೆ.
ಐದು ಬೆರಳಗಲ ಟಯರಿನ ಪಕ್ಕೆ ಇಲ್ಲಿ;
ಅಲ್ಲಿ ನಾಲ್ಕೇ.
ಆ ಒಂದು ಬೆರಳಿನ ಮರೆಯಲ್ಲಿ
ನನ್ನ ಎರಡು ತಿಂಗಳ ಉಳಿತಾಯ.

ಸಣ್ಣ ಚಕ್ರಕ್ಕೂ ತನ್ನ ಸುಂಕವಿದೆ.
ಟಯರು ಸೇರಿ ಎತ್ತರ ಎರಡು ಸೆಂಟಿಮೀಟರ್ ಕಮ್ಮಿ.
ತಿರುವಿನಿಂದ ಚಿಮ್ಮುತ್ತದೆ, ಸರಿ;
ನೇರ ಹಾದಿಯ ತುದಿಯಲ್ಲಿ
ಕೊನೇ ಕೋನು ಇನ್ನೂ ಮೂವತ್ತು ಮೀಟರ್ ಇರುವಾಗಲೇ
ಎರಡನೇ ಗೇರು ಗೋಡೆಗೆ ಹಣೆ ಬಡಿಯುತ್ತದೆ.
ಮೂರಕ್ಕೆ ಹಾಕಲೋ, ಹಾಗೇ ಚೀರಿಸಲೋ?
ತಕ್ಕಡಿ ಇದನ್ನು ಹೇಳಿರಲಿಲ್ಲ.

ಭಾನುವಾರ ಮೊದಲ ಓಟದಲ್ಲಿ ಹಾಕಿದೆ.
ಎರಡನೆಯದರಲ್ಲಿ ಹಾಕಲಿಲ್ಲ.
ಎರಡೂ ಸಲ ಒಂದು ನಿಮಿಷ ನಾಲ್ಕು ಸೆಕೆಂಡು ಚಿಲ್ಲರೆ,
ಚಿಲ್ಲರೆಯಲ್ಲಷ್ಟೇ ಜಗಳ.
ಹನ್ನೊಂದು ಗಾಡಿಗಳಲ್ಲಿ ಆರನೆಯವಳು.
ಹದಿನೇಳರ ಮೇಲೆ ಬಂದ ಗೋಕಾಕದ ಹಲ್ಲಿನ ಡಾಕ್ಟರು
ನಾಲ್ಕನೆಯವರು.
'ಅವರು ಓಡಸೂದ ಚಲೋ ಓಡಸ್ತಾರ,' ಅಂದ ಅಷ್ಫಾಕ.
ನಾನೇನೂ ಅನ್ನಲಿಲ್ಲ.
ಬಗ್ಗಿ ಮುಂದಿನ ಟಯರು ಮುಟ್ಟಿದೆ:
ಒಳಗೆ, ನಡುವೆ, ಹೊರಗೆ,
ಎಲ್ಲ ಕಡೆ ಒಂದೇ ಬಿಸಿ,
ಈಗಷ್ಟೇ ಹಂಚಿನಿಂದ ಇಳಿದ ರೊಟ್ಟಿಯ ಹಾಗೆ.
ಕೈ ಅಲ್ಲೇ ಇಟ್ಟೆ, ಸುಡುವವರೆಗೆ.

ಹದಿನೇಳರದು ಇನ್ನೂ ತಕ್ಕಡಿಯ ಮೇಲೇ ಇದೆ.
ಅಷ್ಫಾಕ ಅದರ ಮೇಲೆ ಚಹಾದ ಲೋಟ ಇಡುತ್ತಾನೆ.
ಇಟ್ಟಾಗೊಮ್ಮೆ, ಎತ್ತಿದಾಗೊಮ್ಮೆ
ಮುಳ್ಳು ಅಲುಗುತ್ತದೆ.
ಪ್ರತಿ ಸಲ ನೋಡುತ್ತೇನೆ.