ಪರಂಗಿ, ಪೇರಳೆ, ಮಾವ

ಪಣಂಬೂರು ಹಾರ್ಬರಿನ ಗೇಟಿಗೆ ಎದುರು
ಲಂಗರು ಬಾರಿನಲ್ಲಿ ಹನ್ನೊಂದು ವರ್ಷದ ಸಪ್ಲೈಯರು ನಾನು.
ಕಲಿತ ಇಂಗ್ಲಿಷು ಬಾಟಲಿಯ ಲೇಬಲಿನಷ್ಟು,
ಮಿಕ್ಕದ್ದು ಕೈಸನ್ನೆ. ಒಂದು ಬೆರಳು ಸ್ಮಾಲು,
ಎರಡು ಬೆರಳು ಲಾರ್ಜು.

ಬೋಟಿನವರ ಭಾಷೆಯೇ ಬೇರೆ.
ನೈಂಟಿಗೆ ‘ಅರ್ಧ ಆಸ್ಪತ್ರೆ’, ಕ್ವಾರ್ಟರಿಗೆ ‘ಪೂರಾ ವಾರ್ಡು’,
ಸಾಲದ ಪುಸ್ತಕಕ್ಕೆ ‘ಪಂಚಾಂಗ’.
ಫೆಲಿಕ್ಸ್ ಪೊರ್ಬುಗಳು ಕೌಂಟರಿನಿಂದ
‘ಪಂಚಾಂಗ ತೆಗೆಯಲಾ?’ ಎಂದರೆ
ಎಂಥ ಗಂಟಲೂ ಇಳಿಯುತ್ತದೆ.

ಫೆಬ್ರವರಿಯಲ್ಲಿ, ತಾಳೆ ಎಣ್ಣೆಯ ಹಡಗಿನಿಂದ ಇಬ್ಬರು ಬಂದರು:
ಥಾಯ್ ಅಡಿಗೆಯವ ಬುನ್‌ರೋಟ್,
ಲಾಟ್ವಿಯಾದ ಇಂಜಿನಿಯರು ಐವರ್ಸ್.
ಹೆಸರಿಗೆ ತಕ್ಕಂತೆ ಐವರ ಪಾಲು ಒಬ್ಬನೇ ಕುಡಿದ.

ಚಕ್ಣಕ್ಕೆ ಪೇರಳೆ ಹೆಚ್ಚಿ
ಉಪ್ಪು, ಮೆಣಸಿನಪುಡಿ ಉದುರಿಸಿ ಇಟ್ಟೆ.
ಥಾಯ್ ತಟ್ಟೆ ನೋಡಿದವನೇ
‘ಫರಂಗ್!’ ಎಂದು ಕೂಗಿದ.
ಐವರ್ಸ್ ಗ್ಲಾಸು ಕುಕ್ಕಿದ.
ಪಟ್ಟಾಯದ ಬಾರುಗಳಲ್ಲಿ ಬೆನ್ನ ಹಿಂದೆ ಕೇಳಿದ ಮಾತಂತೆ ಅದು,
ಬಿಳಿ ತೊಗಲು ಕಂಡು ಬಿಲ್ಲು ಉಬ್ಬಿಸುವಾಗ.
ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು.
ನಾನೂ ಬೆವರಿದೆ. ನಮ್ಮಜ್ಜಿ ಬೈಯುತ್ತಿದ್ದದ್ದೂ ಅದೇ,
ಚಪ್ಪಲಿ ಹಾಕಿ ಅಡಿಗೆಕೋಣೆ ಹೊಕ್ಕರೆ:
‘ಪರಂಗಿಗೆ ಹುಟ್ಟಿದವನೇ!’

ಥಾಯ್ ಒಂದು ಹೋಳು ಎತ್ತಿ ಬಲ್ಬಿಗೆ ಹಿಡಿದ.
ಇದು ಫರಂಗ್.
ಆಮೇಲೆ ಬೆರಳು ಐವರ್ಸನ ಎದೆಗೆ. ಇವನೂ ಫರಂಗ್.
ಹಣ್ಣಿಗೂ ಹೊರಗಿನವನಿಗೂ ಅವರಲ್ಲಿ ಒಂದೇ ಹೆಸರು.
ನಮ್ಮಲ್ಲೂ ಹಾಗೇ ಮಾರಾಯ, ಹಣ್ಣು ಮಾತ್ರ ಬೇರೆ,
ಎಂದು ನಾನು ಹೇಗೆ ಹೇಳಲಿ?
ಹಿತ್ತಿಲಿಗೆ ಓಡಿದೆ. ಸೆಪ್ಟಿಕ್ ಟ್ಯಾಂಕಿನ ಪಕ್ಕದ ಮರದಿಂದ
ಅರೆಹಣ್ಣು ಪಪ್ಪಾಯಿ ಕಿತ್ತು
ಸೊನೆ ಇಳಿಯುತ್ತಿದ್ದ ಹಾಗೇ ಮೇಜಿನ ಮೇಲಿಟ್ಟೆ:
‘ಉಂದು ಪರಂಗಿ. ಘಟ್ಟದ ಮೇಲಿನವರ ಪರಂಗಿ.’

ಯಾವನೋ ಒಬ್ಬ ಯಾವ ಕಾಲದಲ್ಲೋ ಹಡಗಿಳಿದು
ಅಲ್ಲಿ ಪೇರಳೆಯ ಬೀಜ ಉಗುಳಿದ, ಇಲ್ಲಿ ಪಪ್ಪಾಯಿಯದು.
ಹೆಸರು ಬಿಟ್ಟು ಹೋದ.
ಬಿಲ್ಲು ಕೊಟ್ಟಿದ್ದನೋ ಇಲ್ಲವೋ ಯಾರಿಗೆ ಗೊತ್ತು.

ಐವರ್ಸ್ ಎರಡೂ ಹಣ್ಣು ನೋಡಿದ,
‘ಹಾಗಾದರೆ ನಾನು ಯಾವುದು?’ ಎಂದ.
‘ಪಾಸ್‌ಪೋರ್ಟ್ ನೋಡಿಕೊ,’ ಎಂದರು ಪೊರ್ಬುಗಳು.
ಮೊದಲು ನಕ್ಕವನು ಅವನೇ.

ಶೋರ್ ಪಾಸಿನ ಹೊತ್ತು ಮುಗಿಯುತ್ತ ಬಂದಾಗ
ಬುನ್‌ರೋಟ್ ನನ್ನ ಹೆಗಲಿಗೆ ಒರಗಿ
‘ಮಾವ್... ಮಾವ್...’ ಎಂದ.
ನನಗೆ ಮಗಳಿಲ್ಲಪ್ಪ, ಎಂದೆ.
ಐವರ್ಸ್ ತನ್ನ ತಲೆಯ ಸುತ್ತ ಬೆರಳು ತಿರುಗಿಸಿ ತೋರಿಸಿದ:
ಏರಿದೆ ಅಂತ.

ಹಡಗು ಹೋಯಿತು. ಅವರ ಮೂವತ್ತು ರೂಪಾಯಿ ಚಿಲ್ಲರೆ
ಇನ್ನೂ ಗಲ್ಲದಲ್ಲೇ ಇದೆ, ಲೋಟದ ಕೆಳಗೆ.
ಈಗ ನಮ್ಮಲ್ಲಿ ಯಾರೂ ಟೈಟಾಗುವುದಿಲ್ಲ, ಮಾವ ಆಗುತ್ತಾರೆ.
‘ಇವ ಪೂರಾ ಮಾವ, ರಿಕ್ಷಾ ಕರಿ.’

ಮೊನ್ನೆ ತಣ್ಣೀರುಬಾವಿಯ ದೂಮಪ್ಪಣ್ಣನ ಅಳಿಯ
ಹೆಲ್ಮೆಟ್ಟು ತೆಗೆಯದೆ ಬಾಗಿಲಲ್ಲಿ ನಿಂತು
‘ಇಲ್ಲಿ ನಮ್ಮ ಮಾವ ಇದ್ದಾರಾ?’ ಎಂದ.
ಎಂಟೂ ಮೇಜು ಒಮ್ಮೆಗೇ ನಕ್ಕವು.
ಅಳಿಯ ನಗಲಿಲ್ಲ.
ಫ್ಯಾನಿನ ಕೆಳಗಿನ ಮೂಲೆಯಿಂದ, ತಲೆ ಎತ್ತದೆ,
ದೂಮಪ್ಪಣ್ಣ ಕೈ ಎತ್ತಿದರು.
ಎರಡು ಬೆರಳು.