ಎಂಟು ಗಂಟೆಯ ರಕ್ತ

ಬೆಳಿಗ್ಗೆ ಎಂಟಕ್ಕೇ ಕೊಡಬೇಕಂತೆ ರಕ್ತ,
ಖಾಲಿ ಹೊಟ್ಟೆಯಲ್ಲಿ.
ಗೋಣಿಕೊಪ್ಪದ ಲ್ಯಾಬಿನ ಬೆಂಚಲ್ಲಿ
ಪಕ್ಕದ ಅಜ್ಜನಿಗೆ ಸಕ್ಕರೆ ಕಾಯಿಲೆ.
"ನಿನಗೇನಪ್ಪ, ಈ ವಯಸ್ಸಲ್ಲಿ?"
ಥೈರಾಯ್ಡ್, ಅಂದೆ.

ಡಾಕ್ಟರ್ ಪೊನ್ನವ್ವ ಚೀಟಿ ನೋಡಿ ಕೇಳಿದರು:
ಚಿಕ್ಕಂದಿನಲ್ಲಿ ಮಂಗನಬಾವು ಬಂದಿತ್ತಾ?
ಗೊರಕೆ ಉಂಟಾ? ತಲೆನೋವು, ಕಣ್ಣು ಮಂಜು?
ಇಲ್ಲ, ಇಲ್ಲ, ಇಲ್ಲ.
ಜಿಮ್ಮಿಗೆ ಹೋಗ್ತಿದ್ದಿರಾ?

ಗೋಡೆಯ ಹಲ್ಲಿಯೂ ಲೊಚಗುಟ್ಟಲಿಲ್ಲ.

ಎರಡು ವರ್ಷ. ವಾರಕ್ಕೊಂದು ಸೂಜಿ.
ಕೈಲ್‌ಪೊಳ್ದ್ ದಿನ ಕುಪ್ಯದ ತೋಳು ಬಿಗಿದು
ತೆಂಗಿನಕಾಯಿಗೆ ಗುರಿಯಿಟ್ಟವರೂ
ತಿರುಗಿ ನನ್ನನ್ನೇ ನೋಡಿದ್ದು,
ಅದನ್ನು ಹೇಳಲಿಲ್ಲ. ಸೂಜಿ ಹೇಳಿದೆ.

"ಹೊರಗಿಂದ ಆಳು ತರಿಸಿದರೆ
ಲೈನ್‌ಮನೆಯವರು ಏನು ಮಾಡ್ತಾರೆ, ಪೂಣಚ್ಚ?"
ಗಂಟು ಕಟ್ಟಿ ಹೋಗ್ತಾರೆ.
"ಹೊರಗಿನವರೂ ಹೋದ ಮೇಲೆ?"

ಕಣ್ಣಿಗೆ ಬಂತು, ಗಿಡದಲ್ಲೇ
ಕಪ್ಪಗೆ ಒಣಗಿ ನಿಂತ ಕಾಫಿ.

ಮತ್ತೆ ಬರ್ತಾರಾ?
"ಕರೀಬೇಕು. ಕಾಯಬೇಕು.
ಕೆಲವರು ಬರ್ತಾರೆ."

ಮನೆಯಲ್ಲಿ ದೇಚಮ್ಮ
ಹರಕೆ, ಪಥ್ಯ, ಮೈಸೂರಿನ ಡಾಕ್ಟರ ನಂಬರು
ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ
ತನ್ನ ಹೆಸರಲ್ಲೇ ಬರೆದಿಟ್ಟಿದ್ದಾಳೆ,
ನಾಲ್ಕು ವರ್ಷದಿಂದ.
ಆ ಹೆಸರು ಹೊಡೆದು ಹಾಕಬೇಕು ಇವತ್ತು.

ಬಸ್ಸಿಳಿದು ನಿಂತಿದ್ದೇನೆ.
ಪೆನ್ನು ಜೇಬಲ್ಲೇ ಇದೆ.